ಸರಟೋಗಾದ ಗೋಡೆಯ ಮೇಲಿದ್ದ ರಾಜಾಜ್ಞೆ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ನನ್ನ ಪಾಸ್‌ಪೋರ್ಟ್ ತಿರುವಿದ ಅಧಿಕಾರಿ, ಏಕೆ ಬಂದಿದ್ದೀರಿ ಎಂದು ಕೇಳಿದ. "ಒಂದು ಹಳೆಯ ಪತ್ರ ಓದಲು," ಎಂದೆ. "ಎಷ್ಟು ಹಳೆಯದು?" "ಸುಮಾರು ಏಳುನೂರು ವರ್ಷ." ಅವನು ನನ್ನ ಮುಖವನ್ನೂ ನರೆತ ಜಡೆಯನ್ನೂ ಒಮ್ಮೆ ನೋಡಿದ. "ಎಷ್ಟು ದಿನ ಬೇಕಾಗುತ್ತದೆ?" "ಆರು ದಿನ ಸಾಕು," ಎಂದೆ. ಅವನು ನಕ್ಕು, ಹೋಗಿ ಎಂದು ಕೈ ತೋರಿಸಿದ.

ಅಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿತ್ತು. ನಾನು ಮಂಗಳೂರಿನವಳು. ಪಾದ್ರಿಯಾಗಿದ್ದ ನನ್ನ ಸೋದರಮಾವನಿಗೆ ಕಣ್ಣು ಮಂದವಾದಾಗ, ಅವರ ಲ್ಯಾಟಿನ್ ಪ್ರಾರ್ಥನಾ ಪುಸ್ತಕವನ್ನು ದಿನವೂ ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ತಪ್ಪಿದಲ್ಲೆಲ್ಲ ಅವರು ತಿದ್ದಿದರು, ನನಗೆ ಲ್ಯಾಟಿನ್ ಬಂತು. ಮುಂದೆ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದೆ. ಮಧ್ಯಯುಗದ ಇಂಗ್ಲೆಂಡಿನ ರಾಜರು, ಅವರ ಖಜಾನೆ, ಅವರ ಶೆರೀಫರು ಎಲ್ಲ ಪಠ್ಯದಲ್ಲಿದ್ದರು. ನಿವೃತ್ತಿಯ ಬಳಿಕ ಆ ಕಾಲದ ಗುಮಾಸ್ತರ ಕೈಬರಹವನ್ನು ಇಂಟರ್‌ನೆಟ್ಟಿನ ಪಾಠಗಳಿಂದ ಕಲಿತು, ಹಳೆಯ ದಾಖಲೆಗಳ ಚಿತ್ರ ನೋಡಿ ಅಕ್ಷರಕ್ಕಿಳಿಸುವ ಸ್ವಯಂಸೇವಕರ ಗುಂಪಿಗೆ ಸೇರಿದೆ. ಆದರೆ ಅಂಥ ಒಂದು ಚರ್ಮಪತ್ರವನ್ನು ಕೈಯಲ್ಲಿ ಹಿಡಿದಿರಲಿಲ್ಲ.

ನಿಲ್ದಾಣದ ಹೊರಗೆ ನನ್ನ ಹಳೆಯ ವಿದ್ಯಾರ್ಥಿನಿ ಶೈಲಜಾ ಕಾರಿನೊಡನೆ ಕಾದಿದ್ದಳು. ಉಡುಪಿಯ ಹುಡುಗಿ, ಪಿಯುಸಿಯಲ್ಲಿ ನನ್ನ ಮುಂದಿನ ಬೆಂಚಿನವಳು, ಈಗ ಕ್ಯಾಂಪ್‌ಬೆಲ್‌ನಲ್ಲಿ ಹಲ್ಲಿನ ಡಾಕ್ಟರು. ನನ್ನನ್ನು ಇಲ್ಲಿಗೆ ಎಳೆದವಳೂ ಅವಳೇ. ಸರಟೋಗಾದ ಡೊರತಿ ಹೋಲ್ಟ್ ಎಂಬ ಎಂಬತ್ತು ವರ್ಷದ ಹೆಂಗಸು ಅವಳಲ್ಲಿಗೆ ಹಲ್ಲು ತೋರಿಸಲು ಬರುತ್ತಿದ್ದರು. ಅವರ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಚರ್ಮಪತ್ರವಿತ್ತು. ಇಂಗ್ಲೆಂಡಿನ ರಾಜ ತಮ್ಮ ಪೂರ್ವಜನಿಗೆ ಭೂಮಿ ಬರೆದುಕೊಟ್ಟ ದಾನಪತ್ರ ಅದು ಎಂದು ಹೋಲ್ಟ್ ಮನೆತನದಲ್ಲಿ ತಲೆಮಾರುಗಳಿಂದ ನಂಬಿಕೆ. ನೂರು ದಾಟಿದ ಅಪ್ಪ ತೀರಿಕೊಂಡ ಮೇಲೆ ಡೊರತಿ ಅದನ್ನು ತಮ್ಮ ಮನೆಗೆ ತಂದರು. ಅದು ಗಂಡುಮಕ್ಕಳಿಗೆ ಸೇರಬೇಕಾದದ್ದು ಎಂದು ಅವರ ತಮ್ಮ ವಾಲ್ಟರ್ ವಕೀಲರ ನೋಟೀಸು ಕಳಿಸಿದರು. ಎರಡು ವರ್ಷದಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಮುಂದಿನ ತಿಂಗಳು ಪ್ರಕರಣ ಕೋರ್ಟಿಗೆ ಹೋಗುವುದಿತ್ತು.

"ಇಲ್ಲಿಯ ಎಕ್ಸ್‌ಪರ್ಟು ಯಾರನ್ನ ಹೇಳಿದ್ರೂ ಒಬ್ರಿಗೆ ಆದ್ರೆ ಇನ್ನೊಬ್ರಿಗೆ ಆಗುದಿಲ್ಲ ಟೀಚರ್," ಎಂದಳು ಶೈಲಜಾ, ಫ್ರೀವೇ ಹತ್ತುತ್ತಾ. "ಮಂಗಳೂರಲ್ಲಿ ಒಬ್ರು ಇದ್ದಾರೆ, ಅವ್ರಿಗೆ ನಿಮ್ಮಿಬ್ರ ಪರಿಚಯವೂ ಇಲ್ಲ ಅಂದೆ. ಇಬ್ರೂ ಓಕೆ ಅಂದ್ರು ಮಾರ್ರೆ! ನಂಗೇ ಆಶ್ಚರ್ಯ."

ಫೋಟೋ ನೋಡಿಯೇ ಓದಬಹುದಿತ್ತು. ಆದರೆ ಗಾಜಿನ ಹೊಳಪಿನಲ್ಲಿ ಅರ್ಧ ಸಾಲು ಕಾಣುತ್ತಿರಲಿಲ್ಲ, ಮತ್ತು ಓದುವವರೇ ಬಂದು ಬಿಚ್ಚಿದರಲ್ಲದೆ ಚೌಕಟ್ಟು ತೆರೆಯಲು ವಾಲ್ಟರ್ ಒಪ್ಪಲಿಲ್ಲ. ಡೊರತಿ ವಿಮಾನದ ಖರ್ಚು ಕೊಡಲು ಮುಂದಾದಾಗ ನಾನು ಬೇಡವೆಂದೆ. ಒಬ್ಬರ ಹಣದಲ್ಲಿ ಬಂದವಳ ಓದನ್ನು ಇನ್ನೊಬ್ಬರು ಏಕೆ ನಂಬಬೇಕು? ಟಿಕೆಟ್ಟಿಗೆ ಒಂದು ಲಕ್ಷದ ಹನ್ನೆರಡು ಸಾವಿರ ರೂಪಾಯಿ ಆಯಿತು, ಪಿಂಚಣಿಯಲ್ಲಿ ಕೂಡಿಟ್ಟದ್ದು.

ಅಕ್ಟೋಬರ್ ತಿಂಗಳು. ಫ್ರೀವೇಯ ಬಲಗಡೆಯ ಬೆಟ್ಟಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು, ಅವುಗಳ ತಲೆಯ ಮೇಲೆ ಮಂಜು ಹತ್ತಿಯಂತೆ ಕೂತಿತ್ತು. ನಲವತ್ತೈದು ಮೈಲಿ ದಾರಿಗೆ ಒಂದು ಗಂಟೆ ಹಿಡಿಯಿತು. ಮನೆಯಲ್ಲಿ ಶೈಲಜಾಳ ಅತ್ತೆ ಗಂಗಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದರು. ಹುಬ್ಬಳ್ಳಿಯವರು, ಆರು ತಿಂಗಳಿಗೆಂದು ಬಂದವರು. ನನ್ನ ತಟ್ಟೆಗೆ ಎಣ್ಣೆಗಾಯಿ ಹಾಕುತ್ತಾ, "ಅಲ್ರೀ ಬಾಯಾರ, ಒಂದು ತೊಗಲ ತುಂಡು ಓದಾಕ ಇಷ್ಟು ದೂರ ಬಂದೀರೇನು? ಅದರಾಗ ಏನೂ ಇರಲಿಲ್ಲ ಅಂದ್ರ?" ಎಂದು ಕೇಳಿದರು. ಏನೂ ಇಲ್ಲದ್ದನ್ನು ಬರೆಯಲು ರಾಜನ ಗುಮಾಸ್ತನಿಗೆ ಪುರುಸೊತ್ತು ಇರುತ್ತಿರಲಿಲ್ಲ ಎಂದೆ. "ಅದೂ ಖರೇನ," ಎಂದು ಇನ್ನೊಂದು ರೊಟ್ಟಿ ಹಾಕಿದರು.

ಮರುದಿನ, ಬುಧವಾರ, ಬೆಳಿಗ್ಗೆ ಸರಟೋಗಾಕ್ಕೆ ಹೋದೆವು. ಆರು ಮೈಲಿ. ರಸ್ತೆ ಬೆಟ್ಟದ ಬುಡಕ್ಕೆ ಬಂದಂತೆ ಮನೆಗಳು ಮರಗಳ ಹಿಂದೆ ಸರಿದವು. ಒಂದು ತಿರುವಿನಲ್ಲಿ ಕೌಂಟಿ ಶೆರೀಫನ ಪೊಲೀಸ್ ಕಾರು ನಿಂತಿತ್ತು. ಶೈಲಜಾ ಬ್ರೇಕು ಒತ್ತಿದಳು. ನನಗೆ ನಗು ಬಂತು. ನಾನು ಓದಲು ಬಂದ ಕಾಲದಲ್ಲಿ ಶೆರೀಫ್ ಎಂದರೆ ರಾಜನ ಪರವಾಗಿ ಒಂದು ಜಿಲ್ಲೆಯನ್ನು ನಡೆಸುವವನು. ನಮ್ಮ ಹಳೆಯ ಅಮಲ್ದಾರನಂತೆ ಬಾಕಿ ವಸೂಲಿ ಮಾಡುವವನೂ ಅವನೇ, ದನ ಜಪ್ತಿ ಮಾಡಿಸುವವನೂ ಅವನೇ, ವರ್ಷಕ್ಕೆರಡು ಸಲ ರಾಜಧಾನಿಗೆ ಹೋಗಿ ಖಜಾನೆಯಲ್ಲಿ ಲೆಕ್ಕ ಒಪ್ಪಿಸುವವನೂ ಅವನೇ.

ಡೊರತಿ ಎತ್ತರದ, ಬೆನ್ನು ಬಾಗದ ಹೆಂಗಸು. ಅಂಗಳದ ಪರ್ಸಿಮನ್ ಮರದಲ್ಲಿ ಕೇಸರಿ ಹಣ್ಣು ತೂಗುತ್ತಿದ್ದವು. ಚಹಾ ಕೊಟ್ಟು, ಸೌತೆಕಾಯಿ ಸ್ಯಾಂಡ್‌ವಿಚ್ ಮುಂದಿಟ್ಟು, ಅವರು ನನ್ನನ್ನು ನೇರ ಗೋಡೆಯ ಬಳಿಗೆ ಕರೆದೊಯ್ದರು. ಹಿಂಬದಿಯ ಹಲಗೆಯ ಮೊಳೆಗಳನ್ನು ನಾನೇ ಒಂದೊಂದಾಗಿ ಕಿತ್ತೆ. ಚರ್ಮಪತ್ರ ಅಂಗೈಯಗಲ, ಮೊಣಕೈಯುದ್ದ ಇತ್ತು. ಎತ್ತಿದಾಗ ಸಣ್ಣಗೆ ಸದ್ದು ಮಾಡಿತು. ಇಷ್ಟು ವರ್ಷ ತೆರೆಯ ಮೇಲೆ ನೋಡಿದ ಅಕ್ಷರಗಳು ಕೈಗೆ ತಗಲುವಷ್ಟು ಹತ್ತಿರ ಬಂದಾಗ ನನಗೆ ಒಂದು ಕ್ಷಣ ಓದಲಾಗಲಿಲ್ಲ. ಕನ್ನಡಕ ಒರೆಸಿಕೊಂಡೆ.

ಮೊದಲ ಮೂರು ಲ್ಯಾಟಿನ್ ಪದ ಓದಿದಾಗಲೇ ನನಗೆ ಗೊತ್ತಾಯಿತು, ಇದು ದಾನಪತ್ರವಲ್ಲ. 'ರಾಜನಿಂದ ಶೆರೀಫನಿಗೆ ವಂದನೆ' ಎಂದಿತ್ತು. ದಾನಪತ್ರ ಹೀಗೆ ಶುರುವಾಗುವುದಿಲ್ಲ, ಅದು ಸಕಲರಿಗೂ ವಂದನೆ ಹೇಳುತ್ತದೆ. ಇದು ಆಜ್ಞೆ. ಹಿಂಬದಿಯಲ್ಲಿ ಹಳೆಯ ಅಂಟಿನ ಕಂದು ಕಲೆಯ ಕೆಳಗೆ ಎರಡು ಮಾಸಿದ ಸಾಲುಗಳಿದ್ದವು, ಒಂದಕ್ಷರವೂ ಹತ್ತಲಿಲ್ಲ. ಡೊರತಿ ನನ್ನ ಮುಖವನ್ನೇ ನೋಡುತ್ತಿದ್ದರು. "ಶನಿವಾರ ಇಬ್ಬರ ಎದುರಿಗೂ ಒಟ್ಟಿಗೆ ಓದುತ್ತೇನೆ," ಎಂದಷ್ಟೇ ಹೇಳಿ, ಫೋಟೋ ತೆಗೆದುಕೊಂಡು ಹೊರಟೆ.

ಗುರುವಾರ ಮೌಂಟನ್ ವ್ಯೂಗೆ ಒಬ್ಬಳೇ ಹೋದೆ. ಓದುವವಳು ಅಕ್ಕನ ಕಡೆಯವಳಲ್ಲವೆಂದು ಖಚಿತಪಡಿಸಿಕೊಳ್ಳಲು ವಾಲ್ಟರ್ ನನ್ನನ್ನು ಕರೆದಿದ್ದರು. ಕ್ಯಾಂಪ್‌ಬೆಲ್‌ನಿಂದ ಸ್ಯಾನ್ ಹೋಸೆಗೆ ಟ್ರಾಮ್‌ನಂಥ ಸಣ್ಣ ರೈಲು, ಎರಡೂವರೆ ಡಾಲರ್. ಅಲ್ಲಿಂದ ದೊಡ್ಡ ರೈಲಿಗೆ ಆರು ಡಾಲರ್ ಚಿಲ್ಲರೆ. ಸೈಕಲ್ ಸಮೇತ ಹತ್ತಿದ ಆಫೀಸಿನವರ ನಡುವೆ ಸೀರೆಯವಳು ನಾನೊಬ್ಬಳೇ. ವಾಲ್ಟರ್ ನಿಲ್ದಾಣಕ್ಕೇ ಬಂದಿದ್ದರು. ಎಪ್ಪತ್ತೇಳರ ಗಿಡ್ಡ ಮನುಷ್ಯ, ಬೆರಳುಗಳು ದಪ್ಪ, ಜೀವನವಿಡೀ ಮರಗೆಲಸ ಮಾಡಿದವರು. ಅವರ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಕುರ್ಚಿ ಮೇಜುಗಳೆಲ್ಲ ಅವರೇ ಮಾಡಿದವು.

ಕಪ್ಪು ಕಾಫಿ ಕೊಟ್ಟು, ಅವರು ಮಡಚಿದ ಒಂದು ಹಾಳೆ ಬಿಡಿಸಿದರು. ಹುಡುಗನಾಗಿದ್ದಾಗ ಗಾಜಿನ ಮೇಲೆ ಕಾಗದವಿಟ್ಟು ನಕಲು ಮಾಡಿಕೊಂಡ ಒಂದೇ ಪದ ಅದರಲ್ಲಿತ್ತು. "ಇದರ ಅರ್ಥ ವಾರಸುದಾರರು ಎಂದಲ್ಲವೇ? ಇಷ್ಟು ಹೇಳಿ, ಸಾಕು. ಅರವತ್ತು ವರ್ಷದಿಂದ ಕೇಳಬೇಕೆಂದಿದ್ದೆ."

ಹೇಳಬಾರದಿತ್ತು. ಆದರೆ ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ, ಸರಿ ಉತ್ತರ ಹಿಡಿದು ನಿಂತವರನ್ನು ಕಂಡರೆ ಸುಮ್ಮನಿರಲು ಬರುವುದಿಲ್ಲ. "ಹೌದು, ವಾರಸುದಾರರು ಎಂಬ ಪದ ಅಲ್ಲಿದೆ," ಎಂದೆ. ಅವರ ಮುಖ ಅರಳಿತು. "ಆದರೆ ಶನಿವಾರ ಪೂರ್ತಿ ಕೇಳಿ," ಎಂದು ಸೇರಿಸಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ. ವಾಪಸು ರೈಲಿನಲ್ಲಿ ಕಿಟಕಿಯಾಚೆ ಏನೂ ನೋಡಲಿಲ್ಲ. ಹೇಳಿದ್ದು ನಿಜವೇ, ಆದರೆ ಅರ್ಧ.

ಆ ಅರ್ಧ ನನಗಿಂತ ಬೇಗ ಸರಟೋಗಾ ತಲುಪಿತ್ತು. ಶುಕ್ರವಾರ ಬೆಳಿಗ್ಗೆ ಹಿಂಬದಿಯ ಸಾಲುಗಳನ್ನು ಓದಲೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹನ್ನೊಂದು ಡಾಲರಿಗೆ ನೇರಳಾತೀತ ಬೆಳಕಿನ ಒಂದು ಟಾರ್ಚು ಕೊಂಡೆ. ಮಾಸಿದ ಶಾಯಿ ಇಂಥ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಶೈಲಜಾಳ ಜೊತೆ ಸರಟೋಗಾಕ್ಕೆ ಹೋದಾಗ, ಬಾಗಿಲು ತೆರೆದ ಡೊರತಿ ನಮ್ಮನ್ನು ಒಳಗೆ ಕರೆಯಲಿಲ್ಲ. ಕೈಯಲ್ಲಿ ಫೋನಿತ್ತು. ದಾನ ವಾರಸುದಾರರಿಗೇ ಸೇರಿದ್ದೆಂದು ತಜ್ಞೆ ದೃಢಪಡಿಸಿದ್ದಾರೆ ಎಂದು ತಮ್ಮನ ವಕೀಲರು ಬರೆದಿದ್ದರು.

"ತೀರ್ಮಾನ ಆಗಿಬಿಟ್ಟಿತೇ?" ಎಂದರು. "ನನಗೆ ಒಂದು ಮಾತೂ ಹೇಳದೆ?"

ಶೈಲಜಾ ಏನೋ ಹೇಳಲು ಬಾಯಿ ತೆರೆದಳು. ನಾನು ತಡೆದೆ. "ತಪ್ಪು ನನ್ನದು," ಎಂದೆ. "ಅವರು ಒಂದು ಪದ ಕೇಳಿದರು, ನಾನು ಅರ್ಥ ಹೇಳಿದೆ. ದಾನ ಎಂದು ಹೇಳಿಲ್ಲ. ಒಂದು ಪದ ಪತ್ರವಾಗುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ನಾಳೆ ನಿಮ್ಮಿಬ್ಬರಿಗೂ ಒಂದೇ ಮಾತು ಓದುತ್ತೇನೆ. ಅದಕ್ಕೆ ಮೊದಲು ಹಿಂಬದಿ ನೋಡಬೇಕು. ಬಿಡುವುದಿಲ್ಲ ಎಂದರೆ ಓದಿದಷ್ಟನ್ನೇ ಓದಿ ಹೋಗುತ್ತೇನೆ, ಆದರೆ ಅದು ಅರ್ಧ ಓದು."

ಡೊರತಿ ಕೈಯಲ್ಲಿದ್ದ ಫೋನು ಕೆಳಗಿಟ್ಟರು. ಆಮೇಲೆ ಬಾಗಿಲಿನಿಂದ ಸರಿದು, ಒಳಗೆ ಹೋಗಿ ತಾವೇ ಕಿಟಕಿಗಳ ಪರದೆ ಎಳೆದರು.

ಆ ಹಗಲುಗತ್ತಲಲ್ಲಿ ಟಾರ್ಚು ಹಿಡಿದಾಗ ಅಂಟಿನ ಕಲೆ ಮಂಕಾಗಿ ಹೊಳೆಯಿತು, ಅದರೊಳಗಿಂದ ಕಪ್ಪು ಗೀಟುಗಳು ಎದ್ದವು. ಮೊದಲು ಒಂದು ಹೆಸರು ಸಿಕ್ಕಿತು, ಆಲಿಸ್. ಆಮೇಲೆ 'ಬಂದು' ಎಂಬ ಕ್ರಿಯಾಪದ. ಒಂದೂವರೆ ಗಂಟೆ ಬಗ್ಗಿ ನಿಂತು, ಶೈಲಜಾ ಟಾರ್ಚು ಹಿಡಿದು, ನಾನು ಬರೆದುಕೊಂಡು, ಕೊನೆಯ ಅಕ್ಷರದವರೆಗೆ ತಲುಪಿದೆ. ಸೊಂಟ ಹಿಡಿದುಕೊಂಡಿತ್ತು. ಆದರೆ ಕಾರಿನಲ್ಲಿ ಕೂತಾಗ ನಾನು ನಗುತ್ತಿದ್ದೆನಂತೆ.

"ಏನು ಟೀಚರ್? ಏನುಂಟು ಅದ್ರಲ್ಲಿ? ನಂಗಾದ್ರೂ ಹೇಳಿ!"

"ನಿನಗೂ ನಾಳೆಯೇ," ಎಂದೆ. ಒಂದು ಸಲ ಬುದ್ಧಿ ಕಲಿತಿದ್ದೆ.

ಶನಿವಾರ ಹತ್ತು ಗಂಟೆಗೆ ಡೊರತಿಯ ಊಟದ ಮೇಜಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ವಾಲ್ಟರ್ ಕೂತರು. ಇಬ್ಬರೂ ಪರಸ್ಪರ ನೋಡಲಿಲ್ಲ. ವಾಲ್ಟರ್ ಟೈ ಕಟ್ಟಿದ್ದರು. ನಡುವೆ ಚರ್ಮಪತ್ರ, ಅದರ ಮುಂದೆ ನಾನು ನಿಂತೆ. ನೋಡಲೇಬೇಕೆಂದು ಗಂಗಕ್ಕನೂ ಬಂದಿದ್ದರು, ಶೈಲಜಾಳ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದರು.

ನಾನು ಇಂಗ್ಲಿಷಿನಲ್ಲಿ ಓದಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. 'ರಾಜನಿಂದ ಶೆರೀಫನಿಗೆ ವಂದನೆ. ಹಲವು ಸಲ ಆಜ್ಞಾಪಿಸಿದಂತೆ ಮತ್ತೆ ಆಜ್ಞಾಪಿಸುತ್ತೇವೆ. ಹೋಲ್ಟ್‌ನ ವಿಲಿಯಮನು ತಾನು ಹೂಡಿದ ದಾವೆಯನ್ನು ನಡುವೆ ಕೈಬಿಟ್ಟದ್ದಕ್ಕಾಗಿ ನಮಗೆ ನಲವತ್ತು ಶಿಲ್ಲಿಂಗ್ ದಂಡ ಬಾಕಿ ಇದ್ದಾನೆ. ಅದನ್ನು ಅವನ ವಾರಸುದಾರರ ಕೈಯಲ್ಲಿರುವ ಭೂಮಿಯಿಂದಲೂ ದನಕರುಗಳಿಂದಲೂ ವಸೂಲು ಮಾಡಿ ನಮ್ಮ ಖಜಾನೆಗೆ ತರತಕ್ಕದ್ದು.'



"ದಾನ ಎಲ್ಲಿ?" ಎಂದರು ವಾಲ್ಟರ್.

"ದಾನವಿಲ್ಲ. ಇದು ಬಾಕಿ ವಸೂಲಿಯ ಆಜ್ಞೆ."

"ವಾರಸುದಾರರು ಇದ್ದಾರೆ ಎಂದಿರಿ!"

"ಇದ್ದಾರೆ. ಹಣ ಕೊಡಬೇಕಾದವರಾಗಿ. ಮೊನ್ನೆ ನಾನು ಪೂರ್ತಿ ಹೇಳದೆ ನಿಮಗೆ ಅನ್ಯಾಯ ಮಾಡಿದೆ. ಕ್ಷಮಿಸಿ."

ಅವರ ಕುತ್ತಿಗೆ ಕೆಂಪೇರಿತು. ಎದ್ದು ಹೋಗುತ್ತಾರೆಂದೇ ಅಂದುಕೊಂಡೆ. ಆಗ ಡೊರತಿ, ಎರಡು ವರ್ಷದಲ್ಲಿ ಮೊದಲ ಸಲ, ತಮ್ಮನಿಗೆ ನೇರವಾಗಿ ಒಂದು ಮಾತು ಹೇಳಿದರು. "ವಾಲ್ಟರ್, ಗಂಡು ವಾರಸುದಾರ ನೀನೇ ಅಲ್ಲವೇ? ನಲವತ್ತು ಶಿಲ್ಲಿಂಗ್ ತೆಗೆ."

ವಾಲ್ಟರ್ ಅಕ್ಕನನ್ನು ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆಯಿಂದ ಒಂದು ಸದ್ದು ಬಂತು, ಅದು ನಗುವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನೂ ಮುಗಿದಿಲ್ಲ," ಎಂದು ನಾನು ಪತ್ರ ಮಗುಚಿದೆ. "ಹಿಂಬದಿ ಕೇಳಿ. ಇದು ಶೆರೀಫನ ಉತ್ತರ. 'ವಿಲಿಯಮನ ಹೆಂಡತಿಯಾಗಿದ್ದ ಆಲಿಸ್ ಬಂದು ಹೇಳುತ್ತಾಳೆ: ಈ ನಲವತ್ತು ಶಿಲ್ಲಿಂಗನ್ನು ತನ್ನ ಗಂಡ ಬದುಕಿದ್ದಾಗಲೇ ಹಿಂದಿನ ಶೆರೀಫನಿಗೆ ಕೊಟ್ಟಿದ್ದಾನೆ. ಅದಕ್ಕೆ ಟ್ಯಾಲಿ ತೋರಿಸುತ್ತಾಳೆ.' ಇದರ ಕೆಳಗೆ ಬೇರೆ ಕೈಯಲ್ಲಿ, ಬೇರೆ ಶಾಯಿಯಲ್ಲಿ ಒಂದು ಸಾಲು ಇದೆ. 'ಅವಳು ಮುಕ್ತಳು. ಹಿಂದಿನ ಶೆರೀಫನೇ ಉತ್ತರಿಸಲಿ.'"

ಟ್ಯಾಲಿ ಎಂದರೇನೆಂದು ವಿವರಿಸಿದೆ. ಹಣ ಕೊಟ್ಟಾಗ ಒಂದು ಕಡ್ಡಿಯ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕಿ, ಅದನ್ನು ಉದ್ದಕ್ಕೆ ಸೀಳಿ, ಕೊಟ್ಟವರಿಗೆ ಒಂದು ಹೋಳು, ತೆಗೆದುಕೊಂಡವರಿಗೆ ಒಂದು ಹೋಳು. ಎರಡನ್ನೂ ಜೋಡಿಸಿದರೆ ಕಚ್ಚುಗಳು ಕೂಡಬೇಕು. ಅದೇ ರಸೀದಿ. ಶೈಲಜಾ ಪಿಸುದನಿಯಲ್ಲಿ ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳಿದಳು. ಗಂಗಕ್ಕ ತಟ್ಟನೆ, "ರೊಕ್ಕ ಆ ಶೆರೀಫನ ನುಂಗಿದ್ದ ನೋಡ್ರಿ! ಆಕಿ ಕಡ್ಡಿ ಒಗದಿದ್ರ ಮನಿ ಎತ್ತು ಹೊಡ್ಕೊಂಡು ಹೋಗಿರ್ತಿದ್ರು," ಎಂದರು. ಶೈಲಜಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಡೊರತಿ ತಲೆಯಾಡಿಸಿದರು.

ಬಡಗಿಯಾದ ವಾಲ್ಟರ್‌ಗೆ ಕಡ್ಡಿಯ ವಿಷಯ ಕೂಡಲೇ ಹಿಡಿಸಿತು. "ಯಾವ ಮರ?" ಎಂದು ಕೇಳಿದರು. ಸಾಮಾನ್ಯವಾಗಿ ಹೇಝಲ್ ಎಂದೆ. "ನೇರ ಸೀಳುತ್ತದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮತ್ತೆ ಕೇಳಿದರು, "'ಹಲವು ಸಲ' ಎಂದಿದೆಯಲ್ಲ, ಎಷ್ಟು ಸಲ?"

"ಎರಡನೆಯ ಆಜ್ಞೆಗೆ 'ಮತ್ತೊಮ್ಮೆ' ಎಂದು ಬರೆಯುತ್ತಾರೆ. ಮೂರನೆಯದಕ್ಕೆ 'ಹಲವು ಸಲ'. ಕಡಿಮೆಯೆಂದರೆ ಮೂರು ಸಲ."

"ಗಂಡ ಸತ್ತವಳ ಮನೆಗೆ ಮೂರು ಸಲ ಬಂದರು," ಎಂದರು ವಾಲ್ಟರ್. "ಅವಳು ಆ ಕಡ್ಡಿ ಇಟ್ಟುಕೊಂಡಿದ್ದಳು." ಅವರು ಟೈ ಸಡಿಲಿಸಿ, ಮೇಜನ್ನೇ ನೋಡುತ್ತಾ ಅಕ್ಕನಿಗೆ ಹೇಳಿದರು. "ನಾನು ಜಗಳವಾಡಿದ್ದು ಭೂಮಿಗೂ ಅಲ್ಲ, ರಾಜನಿಗೂ ಅಲ್ಲ. ಅಪ್ಪನ ಅಂತ್ಯಕ್ರಿಯೆಯ ಮರುದಿನ ನಾನು ಆ ಮನೆಗೆ ಹೋದೆ. ಗೋಡೆಯ ಮೇಲೆ ಚೌಕದ ಗುರುತು ಮಾತ್ರ ಇತ್ತು. ನೀನು ನನ್ನನ್ನು ಕೇಳಲಿಲ್ಲ, ಡಾಟ್," ಎಂದು ಅಕ್ಕನನ್ನು ಚಿಕ್ಕಂದಿನ ಹೆಸರಿನಿಂದ ಕರೆದರು.

"ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ."

"ಇಲ್ಲ, ನಾನು ತಗೊಂಡು ಹೋಗು ಎನ್ನುತ್ತಿದ್ದೆ."

ಡೊರತಿ ಎದ್ದು, ಮೇಜಿನ ಉದ್ದಕ್ಕೂ ನಡೆದು ಬಂದು, ತಮ್ಮನ ಪಕ್ಕದ ಕುರ್ಚಿ ಎಳೆದು ಕೂತರು. "ಕೇಳಬೇಕಿತ್ತು," ಎಂದರು. ಗಂಗಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸುಮ್ಮನೆ ನನ್ನ ಟಿಪ್ಪಣಿಗಳನ್ನು ಜೋಡಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ವಾಲ್ಟರ್ ಜೇಬಿನಿಂದ ಅಳತೆಯ ಟೇಪು ತೆಗೆದರು. ಚರ್ಮಪತ್ರದ ಉದ್ದಗಲ ಅಳೆದು ಅಂಗೈಯ ಮೇಲೆ ಬರೆದುಕೊಂಡರು. "ಈ ಚೌಕಟ್ಟು ಕೆಲಸಕ್ಕೆ ಬಾರದ್ದು. ಎರಡೂ ಬದಿಗೆ ಗಾಜು ಬೇಕು. ನಾನು ಮಾಡುತ್ತೇನೆ. ಇಲ್ಲೇ ಇರಲಿ, ನಿನ್ನ ಮನೆಯಲ್ಲಿ ಬೆಳಕು ಕಡಿಮೆ, ಅದಕ್ಕೆ ಒಳ್ಳೆಯದು." ನೋಟೀಸಿನ ಮಾತು ಯಾರೂ ಎತ್ತಲಿಲ್ಲ. ನಾವು ಹೊರಡುವಾಗ ಅವರಿಬ್ಬರೂ ಅಂಗಳದ ಮರದಿಂದ ಪರ್ಸಿಮನ್ ಕೀಳುತ್ತಿದ್ದರು. ಡೊರತಿ ಎತ್ತರದ ಕೊಂಬೆ ಬಗ್ಗಿಸುವುದು, ವಾಲ್ಟರ್ ಬಿಡಿಸುವುದು. ಒಂದು ಚೀಲ ಹಣ್ಣು ನಮ್ಮ ಕಾರಿಗೂ ಬಂತು. "ಓದಿದ್ದಕ್ಕೆ ಎಷ್ಟು ಕೊಡಬೇಕು?" ಎಂದು ವಾಲ್ಟರ್ ಕೇಳಿದರು. ಆ ಚರ್ಮವನ್ನು ಕೈಯಲ್ಲಿ ಹಿಡಿಸಿದ್ದಕ್ಕೆ ನಾನೇ ಕೊಡಬೇಕು ಎಂದೆ. ಅದು ಉಪಚಾರದ ಮಾತಾಗಿರಲಿಲ್ಲ.

ಭಾನುವಾರ ಗಂಗಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. "ಮುಂದಿನ ಸಲ ನಮ್ಮ ಮನಿ ಹೊಲದ ಪಹಣಿ ಓದಾಕ ಹುಬ್ಬಳ್ಳಿಗೆ ಬರ್ರಿ, ಅದೂ ಯಾರಿಗೂ ತಿಳಿಯಂಗಿಲ್ಲ," ಎಂದರು. ಫ್ರೀವೇಯಲ್ಲಿ ಭಾನುವಾರದ ವಾಹನ ಕಡಿಮೆ, ಐವತ್ತು ನಿಮಿಷಕ್ಕೆ ನಿಲ್ದಾಣ ಸೇರಿದೆವು. ಇಳಿಸುವಾಗ ಶೈಲಜಾ ನನ್ನ ಕೈ ಹಿಡಿದು, "ಕ್ಲಾಸಿನಲ್ಲಿ ಈ ಶೆರೀಫು, ಖಜಾನೆ ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಟೀಚರ್. ಅದ್ರಲ್ಲಿ ಮನುಷ್ಯರು ಇದ್ರು ಅಂತ ಈಗ ಗೊತ್ತಾಯ್ತು," ಎಂದಳು. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೂ ಅದು ಗಟ್ಟಿಯಾಗಿ ಗೊತ್ತಾದದ್ದು ಆ ಶುಕ್ರವಾರವೇ ಎಂದು ಅವಳಿಗೆ ಹೇಳಿದೆ.

ವಿಮಾನಕ್ಕೆ ಇನ್ನೂ ಒಂದು ಗಂಟೆ ಇತ್ತು. ಗಾಜಿನ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಆಚೆಗೆ ಕೊಲ್ಲಿಯ ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು, ದಕ್ಷಿಣದ ಬೆಟ್ಟಸಾಲಿನ ಮೇಲೆ ಮಂಜು ಕರಗುತ್ತಿತ್ತು. ಅದರ ತಪ್ಪಲಿನಲ್ಲೆಲ್ಲೋ ಸರಟೋಗಾ. ಫೋನು ಸದ್ದು ಮಾಡಿತು. ಡೊರತಿ ಬರೆದಿದ್ದರು. 'ವಾಲ್ಟರ್ ಬೆಳಿಗ್ಗೆ ಎಂಟಕ್ಕೇ ಮರ, ಗಾಜು ಹೊತ್ತು ಬಂದಿದ್ದಾನೆ. ಮತ್ತೆ ವಾದ ಶುರುವಾಗಿದೆ. ಕೋಣೆಯ ಕಡೆಗೆ ಯಾವ ಬದಿ ಇರಬೇಕು? ರಾಜನದೋ, ಆಲಿಸಳದೋ? ನೀವೇ ಹೇಳಿ.'

ಈ ಸಲ ಪೂರ್ತಿ ಯೋಚಿಸಿ ಉತ್ತರಿಸಿದೆ. 'ಆಲಿಸಳದು.'

ಎರಡು ನಿಮಿಷದಲ್ಲಿ ಮರುತ್ತರ ಬಂತು. 'ವಾಲ್ಟರನೂ ಅದನ್ನೇ ಹೇಳುತ್ತಿದ್ದ. ಸೋತವಳು ನಾನು.'